ಕೊತ್ತಂಬರಿ ಕೊಸರು ಕೇಳಬೇಡಿ!

ಅರ್ಧ ಕೆ.ಜಿ. ಹುರುಳೀಕಾಯಿ, ಕಾಲು ಕೆ.ಜಿ. ಹಸಿಮೆಣಸಿನಕಾಯಿ ತೂಗಿಸಿಕೊಂಡ ಮೇಲೂ ಚೀಲ ಅಗಲಿಸಿಕೊಂಡು ನಿಂತೇ ಇರುವುದು ನಮ್ಮೂರ ಗಿರಾಕಿಯ ಜನ್ಮಸಿದ್ಧ ಹಕ್ಕು. "ಕೊಸರು ಇಲ್ವೇನಮ್ಮ?" ಎಂದರೆ ನಾಲ್ಕೆಳೆ ಕೊತ್ತಂಬರಿ ಸೊಪ್ಪು ಚೀಲಕ್ಕೆ ಬೀಳುತ್ತದೆ. ಆದರೆ ಜಡಿಮಳೆ ಹಿಡಿಯಿತೋ, ಈ ಹಕ್ಕು ರದ್ದು! ಕಳೆದ ಮಳೆಗಾಲದಲ್ಲಿ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅಭ್ಯಾಸಬಲದಿಂದ ಕೊಸರು ಕೇಳಿದ ಈ ಬಡಪಾಯಿಗೆ, ಬಸ್ಸಿಗೆ ಓಡುತ್ತಿದ್ದ ಜನರೆಲ್ಲ ತಿರುಗಿ ನೋಡುವಂತೆ ಉತ್ತರ ಸಿಕ್ಕಿತು: "ಕೊಸರಾ? ಕಾಸು ಕೊಟ್ಟೋರ್ಗೇ ಇಲ್ಲ, ನಡೀರಿ ಸ್ವಾಮಿ!"

ಅವಮಾನವಾಯಿತು. ಯಕಶ್ಚಿತ್ ಕೊತ್ತಂಬರಿ! ನಾನೇ ಬೆಳೆಯುತ್ತೇನೆ ಎಂದು ಶಪಥ ಮಾಡಿಯೇ ಮನೆ ಸೇರಿದೆ.

ಅಡಿಗೆಮನೆಯ ಸಾಂಬಾರ ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು, ಹಿತ್ತಲ ಮೂಲೆ ಕೆದಕಿ, ಎರಚಿ, ನೀರು ಹಾಕಿದ್ದಾಯಿತು. ಒಂದು ವಾರ ಕಳೆಯಿತು, ಏನೂ ಇಲ್ಲ. ಬೀಜ ಸತ್ತಿದೆಯೆಂದು ಪಟ್ಟಣದ ಒಂದು ಅಂಗಡಿಯಿಂದ ಪೊಟ್ಟಣ ತಂದೆ. ಅದರಲ್ಲಿ ಹುಟ್ಟಿದ್ದು ಐದೇ ಐದು. ಆಮೇಲೆ ಕನ್ನಡಕ ಹಾಕಿ ಓದಿದರೆ, ಪೊಟ್ಟಣದ ವಾಯಿದೆ ಎಂದೋ ಮುಗಿದಿತ್ತು! ಮಾರಾಟದ ಬೀಜದ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ, ಪರೀಕ್ಷೆಯ ತಾರೀಖು ಇರಲೇಬೇಕೆಂದು 1966ರ ಬೀಜ ಕಾಯಿದೆಯ ಕಾಲದಿಂದ ನಿಯಮವಿದೆ. ಓದುವವರು ಯಾರು? ನಾನಂತೂ ಓದಿರಲಿಲ್ಲ. ಇನ್ನೊಂದು ಮಾತು. ಬಣ್ಣ ಬಳಿದ ಬಿತ್ತನೆ ಬೀಜಕ್ಕೆ ಔಷಧಿ ಸವರಿರುತ್ತಾರೆ, ಮಿಕ್ಕಿತೆಂದು ಸಾರಿನ ಪುಡಿಗೆ ಹಾಕೀರಿ ಜೋಕೆ!

ಮಾನ ಬಿಟ್ಟು ಮತ್ತೆ ಅದೇ ಸೊಪ್ಪಿನಾಕೆಯ ಮುಂದೆ ನಿಂತೆ. ಕೇಳಿ ನಕ್ಕಳು. "ಬೀಜ ಒಡೆದ್ರಾ? ಗುಂಡ್‌ಗುಂಡ್ಗೇ ಹಾಕುದ್ರೆ ಯಾವಾಗ್ ಹುಟ್ಟೀತು? ಅದು ಒಂದಲ್ಲ ಸ್ವಾಮಿ, ಎಲ್ಡು!"

ಮಾತು ನಿಜ. ನಾವು ಬೀಜ ಅನ್ನುವ ಆ ಗುಂಡು ವಾಸ್ತವವಾಗಿ ಒಂದು ಒಣ ಕಾಯಿ, ಒಳಗೆ ಎರಡು ಬೀಜ. ಬಟ್ಟೆಯ ಮೇಲೆ ಹರವಿ ಮಣೆಯಿಂದಲೋ ಅಂಗೈಯಿಂದಲೋ ಹಗುರವಾಗಿ ಉಜ್ಜಿದರೆ ಇಬ್ಭಾಗವಾಗುತ್ತದೆ. ಪುಡಿ ಮಾಡಬೇಡಿ, ಪುಡಿ ಸಾರಿಗೆ! ಹೋಳಾದ ಬೀಜವನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು ಬಿತ್ತಬೇಕು. ಅಡಿಗೆಮನೆಯ ಬೀಜವೂ ಆದೀತು, ಆದರೆ ಹುರಿದಿರಬಾರದು, ಹುಳ ಕೊರೆದಿರಬಾರದು, ತೀರ ಹಳೆಯದಾಗಿರಬಾರದು. ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿ.

ಹಿತ್ತಲಿಲ್ಲದವರು ಹಳೆಯ ಎಣ್ಣೆ ಡಬ್ಬ, ಅಕ್ಕಿ ಚೀಲ, ಏನು ಬೇಕಾದರೂ ಹಿಡಿಯಿರಿ. ತಳಕ್ಕೆ ತೂತು ಹೊಡೆಯುವುದು ಮಾತ್ರ ಮರೆಯಬೇಡಿ. ಕೆಮ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಒಂದು ಗೇಣು ತುಂಬಿ, ಅರ್ಧ ಅಂಗುಲ ಆಳಕ್ಕೆ ಬೀಜ ಉದುರಿಸಿ ಮಣ್ಣು ಮುಚ್ಚಿ. ತಾಯಿಬೇರು ನೇರ ಕೆಳಗಿಳಿಯುವ ಗಿಡ ಇದು. ಮೆಣಸಿನ ಸಸಿಯ ಹಾಗೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ, ಎಲ್ಲಿ ಬೇಕೋ ಅಲ್ಲೇ ಬಿತ್ತಿ. ನೀರು ಕೈಯಲ್ಲಿ ಚಿಮುಕಿಸಿದರೆ ಸಾಕು, ಬಿಂದಿಗೆ ಬಗ್ಗಿಸಿದರೆ ಬೀಜವೆಲ್ಲ ಒಂದು ಮೂಲೆಗೆ.

ಆಮೇಲೆ ಕಾಯುವ ಕೆಲಸ. ಎಂಟರಿಂದ ಹದಿನೈದು ದಿನ! ನಾನು ಮೊದಲ ಸಲ ವಾರಕ್ಕೇ ಕೈ ಚೆಲ್ಲಿದ್ದು ದೊಡ್ಡ ತಪ್ಪು. ಮೊದಲು ಬರುವ ಜೋಡಿ ಎಲೆ ಕೊತ್ತಂಬರಿಯ ಹಾಗೆ ಕಾಣುವುದೇ ಇಲ್ಲ, ಸಪೂರ, ಉದ್ದ. ನಮ್ಮತ್ತೆಯವರು "ಹುಲ್ಲು ಬಂದಿದೆ" ಎಂದು ಅರ್ಧ ಡಬ್ಬ ಚೊಕ್ಕಟ ಮಾಡಿಯೇ ಬಿಟ್ಟರು. ಕಚ್ಚುಕಚ್ಚಾದ ಎಲೆ ಬರುವುದು ಆ ನಂತರ.

ಉಳಿದರ್ಧ ಬೆಳೆಯುವಾಗ ಜಡಿ ಹಿಡಿಯಿತು. ಮೂರು ರಾತ್ರಿ ಸುರಿದದ್ದಕ್ಕೆ ಸಸಿ ಮಲಗಿ, ಬುಡ ಕೊಳೆತು, ಹಿಡಿಯಷ್ಟೂ ಉಳಿಯಲಿಲ್ಲ. ಡಬ್ಬವನ್ನು ಎತ್ತಿ ಜಗಲಿಗೆ ಇಡಬಹುದಿತ್ತು, ಇಡಲಿಲ್ಲ. ಹೊಲದ ಮಡಿಯನ್ನು ಎತ್ತಿ ಎಲ್ಲಿಡುತ್ತಾರೆ? ಸೊಪ್ಪಿನಾಕೆಯ ಲೆಕ್ಕವೂ ಅಷ್ಟೇ. ನಸುಕಿನಲ್ಲಿ ಕೊಂಡ ಕಟ್ಟು ಬಿಚ್ಚಿದರೆ ಒಳಗಿನದು ಕೊಳೆತಿರುತ್ತದೆ, ಮಧ್ಯಾಹ್ನಕ್ಕೆ ಇನ್ನಷ್ಟು ಹಳದಿ. ಉಳಿದದ್ದರಲ್ಲಿ ಅಸಲು ಹುಟ್ಟಬೇಕು. ಅದರ ಮೇಲೆ ನಮಗೆ ಕೊಸರು!

ಅರಕಲಗೂಡು ಕಡೆಯವರು ಮಳೆಗೆ ಮರೆ ಕಟ್ಟಿ. ಚನ್ನರಾಯಪಟ್ಟಣದ ಕಡೆ ಬಿಸಿಲು ಜಾಸ್ತಿ, ಮಧ್ಯಾಹ್ನದ ನೆರಳು ನೋಡಿ. ಹೊಳೆನರಸೀಪುರದವರೂ ಅಷ್ಟೇ, ಮಾರ್ಚ್ ಏಪ್ರಿಲ್‌ನಲ್ಲಿ ಸೆಕೆ ಏರಿದರೆ ಗಿಡ ಎಲೆ ಬಿಡುವುದು ಬಿಟ್ಟು ಹೂವಿಗೆ ನಿಲ್ಲುತ್ತದೆ. ಆಗ ಎಷ್ಟು ನೀರು ಹೊಯ್ದರೂ ಸೊಪ್ಪಿಲ್ಲ. ಕಾಯಿ ಬಲಿಯಲು ಬಿಟ್ಟರೆ ಮುಂದಿನ ಬಿತ್ತನೆಗಾಯಿತು. ಕಾರ್ತಿಕದಿಂದ ಶಿವರಾತ್ರಿವರೆಗಿನ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು. ಸುಮಾರು ನಲವತ್ತು ದಿನಕ್ಕೆ ಕೊಯ್ಲು. ಬೇರು ಸಮೇತ ಕೀಳದೆ ಎರಡಂಗುಲ ಬಿಟ್ಟು ಕತ್ತರಿಸಿದರೆ ಮತ್ತೊಮ್ಮೆ ಚಿಗುರೀತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ 'ಅರ್ಕಾ ಇಶಾ' ಎಂಬ ತಳಿ ಇಂಥ ಹಲವು ಕೊಯ್ಲಿಗೆಂದೇ ಇದೆ. ಹದಿನೈದು ದಿನಕ್ಕೊಂದು ಡಬ್ಬ ಬಿತ್ತುತ್ತಿದ್ದರೆ ಮನೆಯ ಸಾರಿಗೆ ತಾಪತ್ರಯವಿಲ್ಲ.

ನಮ್ಮಲ್ಲಿ ಈಗ ಮೂರನೆಯ ಡಬ್ಬ ನಡೆಯುತ್ತಿದೆ, ಜಗಲಿಯ ಮೇಲೆ. ಬೀಜ ಉಜ್ಜಿದವರು ಅತ್ತೆಯವರೇ. ಸಪೂರ ಎಲೆ ನಿನ್ನೆ ಕಂಡಿತು. ಪಕ್ಕದ ಮನೆಯ ಹುಡುಗ ಕೈ ಹಾಕಹೋದರೆ, "ಹುಲ್ಲಲ್ಲ ಕಣೋ, ಮುಟ್ಬೇಡ!" ಎಂದು ಗದರಿದರಂತೆ.