ಚಾಪ್ಲಿನ್ನನ ಹುಟ್ಟುಹಬ್ಬಕ್ಕೆ ಒಂದು ಬೂಟು

ಏಪ್ರಿಲ್ ತಿಂಗಳ 16ನೆಯ ದಿನವು ಹಾಸ್ಯನಟನಾದ ಚಾರ್ಲಿ ಚಾಪ್ಲಿನ್ನನು ಹುಟ್ಟಿದ ದಿನ. ಗುಜರಾತಿನ ಕಚ್ಛ ಸೀಮೆಯಲ್ಲಿ ಆದಿಪುರವೆಂಬ ಊರೊಂದುಂಟು. ದೇಶವಿಭಾಗದ ಕಾಲದಲ್ಲಿ ಸಿಂಧದಿಂದ ನಿರಾಶ್ರಿತರಾಗಿ ಬಂದವರು ನೆಲಸಿದ ಊರು ಅದು. ಅಲ್ಲಿಯ ಅಭಿಮಾನಿಗಳು 1973ರಲ್ಲಿ ಒಂದು ಮಂಡಲಿಯನ್ನು ಕಟ್ಟಿಕೊಂಡು, ವರ್ಷವರ್ಷವೂ ಈ ದಿನ ಹಿರಿಯರು ಕಿರಿಯರೆನ್ನದೆ ಗುಂಡು ಟೋಪಿ, ತುಂಡು ಮೀಸೆ, ಬೆತ್ತ, ದೊಗಳೆ ಷರಾಯಿಗಳಿಂದ ವೇಷ ಕಟ್ಟಿ ಬೀದಿಯಲ್ಲಿ ಮೆರವಣಿಗೆ ಹೊರಟು, ಕೇಕನ್ನು ಕೊಯ್ದು ಹಂಚುತ್ತ ಬಂದಿದ್ದಾರೆ. ಹುಟ್ಟಿದ ನೆಲವನ್ನು ಬಿಟ್ಟು ಬಂದವರ ಊರು ಮನೆಯಿಲ್ಲದ ಅಲೆಮಾರಿಯ ವೇಷಕ್ಕೆ ಒಲಿದುದು ನಮಗೇನೂ ವಿಚಿತ್ರವಾಗಿ ತೋರುವುದಿಲ್ಲ.

ಮೆರವಣಿಗೆ ಊರವರ ಕೆಲಸ; ಕೇಕಾದರೋ ಮನೆಯವರೇ ಮಾಡಬಹುದಾದದ್ದು. ಮಕ್ಕಳಿಗೆ ಬೇಸಿಗೆಯ ರಜವೂ ಇರುವ ಕಾಲ. ಆದರೆ ಯಾವ ಆಕಾರದ ಕೇಕು? ಮೇಲೆ ಆತನ ಮುಖವನ್ನು ಬರೆಯುವವರುಂಟು. ನಮಗದು ಹಿಡಿಸದು. ಹುಟ್ಟಿದ ಹಬ್ಬದ ದಿನವೇ ಒಬ್ಬನ ಮೂಗಿನ ಮೇಲೆ ಚಾಕುವನ್ನಿಟ್ಟು, ಮೀಸೆಯನ್ನೊಬ್ಬರಿಗೂ ಕಿವಿಯನ್ನೊಬ್ಬರಿಗೂ ಬಡಿಸುವುದು ಚೆನ್ನಲ್ಲ. ಟೋಪಿಯ ಆಕಾರ ಸುಲಭವೇನೋ ಹೌದು. ಆದರೆ ಊಟದೊಡನೆ ಚಾಪ್ಲಿನ್ನನ ಹೆಸರು ಸೇರಿಕೊಂಡಿರುವುದು ಬೂಟಿನಿಂದ. ಆದಕಾರಣ ಬೂಟನ್ನೇ ಮಾಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

1925ರಲ್ಲಿ ಹೊರಬಂದ ‘ದಿ ಗೋಲ್ಡ್ ರಷ್’ ಎಂಬ ಮೂಕಚಿತ್ರವನ್ನು ನೋಡಿದವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಚಿನ್ನವನ್ನರಸಿ ಹಿಮದ ನಾಡಿಗೆ ಹೋದ ಅಲೆಮಾರಿಯೂ ಅವನ ದೈತ್ಯಾಕಾರದ ಜೊತೆಗಾರನೂ ಬಿರುಗಾಳಿಯಲ್ಲಿ ಒಂದು ಗುಡಿಸಲೊಳಗೆ ಸಿಕ್ಕಿಬಿದ್ದಿದ್ದಾರೆ. ಹಬ್ಬದ ದಿನ, ಮನೆಯಲ್ಲಿ ಒಂದು ಕಾಳೂ ಇಲ್ಲ. ಅಲೆಮಾರಿಯು ತನ್ನ ಬೂಟನ್ನೇ ಪಾತ್ರೆಗೆ ಹಾಕಿ ಬೇಯಿಸುತ್ತಾನೆ. ಬೆಂದಿತೇ ಎಂದು ಮುಳ್ಳುಚಮಚದಿಂದ ಚುಚ್ಚಿ ನೋಡುತ್ತಾನೆ. ತಟ್ಟೆಗಿಟ್ಟು ಮೇಲೆ ಸಾರನ್ನು ಸುರಿಯುತ್ತಾನೆ. ಮೇಲ್ಭಾಗದ ತೊಗಲು ಜೊತೆಗಾರನ ಪಾಲಾಗಿ, ಮೊಳೆಗಳು ನೆಟ್ಟ ಅಟ್ಟೆ ತನ್ನ ಪಾಲಿಗೆ ಬರಲು, ಮೊಳೆಗಳನ್ನು ಎಲುಬಿನಂತೆ ಚೀಪಿ, ಲಾಡಿಗಳನ್ನು ಶಾವಿಗೆಯಂತೆ ಸುತ್ತಿ, ದೊಡ್ಡಮನುಷ್ಯರ ಔತಣದಲ್ಲಿ ಕುಳಿತವನ ಗಾಂಭೀರ್ಯದಿಂದ ಉಣ್ಣುತ್ತಾನೆ. ಪ್ರೇಕ್ಷಕರು ನಗುವುದು ಈ ಗಾಂಭೀರ್ಯಕ್ಕೆ.

ಆ ಬೂಟನ್ನು ಮಾಡಿದ್ದು ತೊಗಲಿನಿಂದಲ್ಲ. ನಮ್ಮ ಅಜ್ಜಿಯರು ಕೆಮ್ಮಿಗೆ ಕೊಡುತ್ತಿದ್ದ ಜ್ಯೇಷ್ಠಮಧುವಿನ ಮಿಠಾಯಿಯಿಂದ. ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸಬೇಕಾಗಿ ಬಂದು, ನಟರಿಬ್ಬರೂ ಹೊಟ್ಟೆ ಕೆಟ್ಟು ಬಳಲಿದರೆಂದು ಹೇಳುವುದುಂಟು. ಜ್ಯೇಷ್ಠಮಧುವಿನ ಗುಣವನ್ನು ಬಲ್ಲವರು ಇದನ್ನು ನಂಬದಿರಲಾರರು.

ಈ ವಿನೋದವು ಎಲ್ಲಿಂದ ಹುಟ್ಟಿತು? 1846-47ರ ಚಳಿಗಾಲದಲ್ಲಿ ಅಮೆರಿಕೆಯ ಸಿಯೆರಾ ನೆವಾಡ ಬೆಟ್ಟಗಳ ಹಿಮದಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರ ತಂಡವೊಂದು ಹಸಿವು ತಾಳಲಾರದೆ ಪಾದರಕ್ಷೆಯ ತೊಗಲನ್ನು ಬೇಯಿಸಿ ತಿಂದ ವೃತ್ತಾಂತವನ್ನು ಓದಿ ತನಗೆ ಈ ದೃಶ್ಯ ಹೊಳೆಯಿತೆಂದು ಚಾಪ್ಲಿನ್ನನು 1964ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆದರೆ ಹಸಿವನ್ನು ತಿಳಿಯಲು ಆತನಿಗೆ ಪುಸ್ತಕ ಬೇಕಿರಲಿಲ್ಲ. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆತನು ಏಳು ವರ್ಷದವನಾಗಿದ್ದಾಗಲೇ, 1896ರಲ್ಲಿ, ತಾಯಿ ಮತ್ತು ಅಣ್ಣನೊಡನೆ ಲ್ಯಾಂಬೆತ್ತಿನ ದರಿದ್ರಾಲಯವನ್ನು ಸೇರಬೇಕಾಯಿತು. ತಂದೆ ಹಾಡುಗಾರ, ಕುಡಿತಕ್ಕೆ ಬಲಿಯಾದವನು. ತಾಯಿಯೂ ರಂಗಭೂಮಿಯ ಗಾಯಕಿಯೇ. ದನಿ ಕೆಟ್ಟ ಮೇಲೆ ಬಟ್ಟೆ ಹೊಲಿದು ಮಕ್ಕಳನ್ನು ಸಾಕುತ್ತಿದ್ದಳು.

ಅದೇ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿಯುಂಟು. ಬಾಲಕನಿದ್ದ ಬೀದಿಯ ಕೊನೆಯಲ್ಲಿ ಕಸಾಯಿಖಾನೆ. ಒಂದು ದಿನ ಕುರಿಯೊಂದು ತಪ್ಪಿಸಿಕೊಂಡು ಓಡಿತು. ಹಿಡಿಯಹೋದವರು ಮುಗ್ಗರಿಸಿ ಬೀಳಲು, ನೋಡುತ್ತಿದ್ದವರೊಡನೆ ಬಾಲಕನೂ ನಕ್ಕನು. ಕುರಿಯನ್ನು ಹಿಡಿದು ಒಳಗೆ ಒಯ್ದಾಗ, ಅದನ್ನು ಕೊಲ್ಲುವರೆಂಬುದು ಥಟ್ಟನೆ ಹೊಳೆದು, ಅಳುತ್ತ ತಾಯಿಯ ಬಳಿಗೆ ಓಡಿದನು. ತನ್ನ ಚಿತ್ರಗಳಲ್ಲಿ ನಗೆಯೂ ದುಃಖವೂ ಬೆರೆತುಕೊಂಡದ್ದಕ್ಕೆ ಈ ಘಟನೆಯೇ ಬೀಜವಾಯಿತೋ ಏನೋ ಎಂದು ಆತನೇ ಯೋಚಿಸಿದ್ದಾನೆ. ಹಸಿದವನನ್ನು ಕಂಡು ನಗುವುದು ಬೇರೆ, ಹಸಿದವನೊಡನೆ ನಗುವುದು ಬೇರೆ. ಕೇಕನ್ನು ಕೊಯ್ಯುವ ಮುನ್ನ ಮನೆಯ ಹಿರಿಯರು ಮಕ್ಕಳಿಗೆ ಈ ಕಥೆಯನ್ನು ಹೇಳಿದರೆ ಬೂಟು ಬರಿಯ ಚೇಷ್ಟೆಯಾಗಿ ಉಳಿಯದು.

ಇನ್ನು ಮಾಡುವ ಕ್ರಮ. ಕಾಲು ಲೀಟರು ಹಿಡಿಯುವ ಬಟ್ಟಲನ್ನು ಅಳತೆಗೆ ಇಟ್ಟುಕೊಳ್ಳಿರಿ. ಒಂದೂವರೆ ಬಟ್ಟಲು ಮೈದಾ, ಅರ್ಧ ಬಟ್ಟಲು ಕೋಕೋ ಪುಡಿ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರು, ಅರ್ಧ ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು, ಇವನ್ನು ಎರಡು ಸಲ ಜರಡಿ ಹಿಡಿಯಬೇಕು. ಬೇರೊಂದು ಪಾತ್ರೆಯಲ್ಲಿ ಹುಳಿಯಿಲ್ಲದ ಗಟ್ಟಿ ಮೊಸರು ಒಂದು ಬಟ್ಟಲು, ಸಕ್ಕರೆ ಒಂದು ಬಟ್ಟಲು, ವಾಸನೆಯಿಲ್ಲದ ಎಣ್ಣೆ ಅರ್ಧ ಬಟ್ಟಲು ಸೇರಿಸಿ ಸಕ್ಕರೆ ಕರಗುವವರೆಗೆ ಕಡೆದು, ಹಿಟ್ಟನ್ನು ಬೆರಸಿ, ದೋಸೆಯ ಹಿಟ್ಟಿಗಿಂತ ತುಸು ಗಟ್ಟಿಯಾಗಿರುವಷ್ಟು ಹಾಲನ್ನು ಹಾಕತಕ್ಕದ್ದು. ಬೆರೆತೊಡನೆ ಕೈ ನಿಲ್ಲಿಸಿರಿ. ಹೆಚ್ಚು ಕಲಕಿದರೆ ಕೇಕು ನಿಜವಾಗಿಯೂ ಬೂಟಿನಂತಾಗುವುದು! ಬ್ರೆಡ್ಡಿನ ಆಕಾರದ ಉದ್ದನೆಯ ಅಚ್ಚಿಗೆ ಎಣ್ಣೆ ಸವರಿ ಹಿಟ್ಟನ್ನು ಸುರಿದು, 180 ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಓವನ್ ಇಲ್ಲದವರು ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ಒಂದು ಬೆರಳು ಉಪ್ಪನ್ನು ಹರಡಿ, ಮೇಲೆ ಅಡ್ಡಣಿಗೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅದರೊಳಗೆ ಅಚ್ಚನ್ನಿಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬಹುದು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಿರಿ.

ಪೂರ್ತಿ ಆರಿದ ಮೇಲೆ ಉದ್ದದ ಮೂರನೆಯ ಒಂದು ಪಾಲನ್ನು ಕತ್ತರಿಸಿ, ಉಳಿದ ತುಂಡಿನ ಒಂದು ತುದಿಯ ಮೇಲೆ ಏರಿಸಿರಿ: ಹಿಮ್ಮಡಿಯೂ ಕಣಕಾಲೂ ಆಯಿತು. ಇನ್ನೊಂದು ತುದಿಯ ಮೂಲೆಗಳನ್ನು ಸವರಿ ದುಂಡಗೆ ಮಾಡಿದರೆ ಬೆರಳಿನ ಭಾಗ. 150 ಮಿಲಿಲೀಟರು ಕೆನೆಯನ್ನು ಬಿಸಿಮಾಡಿ 200 ಗ್ರಾಮು ಕಪ್ಪು ಚಾಕೊಲೇಟಿನ ಚೂರುಗಳ ಮೇಲೆ ಸುರಿದು ಕಲಕಿ, ತುಸು ಗಟ್ಟಿಯಾದಾಗ ಅದರಿಂದಲೇ ತುಂಡುಗಳನ್ನು ಅಂಟಿಸಿ, ಹೊರಗೆಲ್ಲ ಬಳಿಯಿರಿ. ನುಣುಪು ಬೇಡ, ಅಲೆಮಾರಿಯ ಬೂಟಿಗೆ ಸುಕ್ಕೇ ಶೋಭೆ. ಲಾಡಿಗೆ ಸಕ್ಕರೆ ನೀರಿನಲ್ಲಿ ಬೇಯಿಸಿದ ಉದ್ದನೆಯ ಶಾವಿಗೆಯ ಎಳೆಗಳು. ಅಟ್ಟೆಯ ಅಂಚಿಗೆ ಲವಂಗಗಳನ್ನು ಚುಚ್ಚಿದರೆ ಮೊಳೆಯೇ ಸರಿ. ಇಂಗ್ಲಿಷರು ಲವಂಗಕ್ಕಿಟ್ಟ ಹೆಸರೂ ಮೊಳೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಬಂದುದೇ. ಚಿಕ್ಕ ಮಕ್ಕಳ ಪಾಲಿನಿಂದ ಮಾತ್ರ ಅವನ್ನು ಕಿತ್ತುಬಿಡುವುದು ಕ್ಷೇಮ. ಬತ್ತಿಯನ್ನು ಊದಿ ಆರಿಸುವುದು ಒಗ್ಗದ ಮನೆಗಳಲ್ಲಿ ಮೇಣದಬತ್ತಿಯನ್ನು ಬಿಟ್ಟುಬಿಡಬಹುದು. ಬೂಟಿಗೆ ಅದು ಒಪ್ಪುವುದೂ ಇಲ್ಲ.

ಸಂಜೆ ಚಿತ್ರವನ್ನು ತೋರಿಸಿ, ಆಮೇಲೆ ಬಡಿಸಿರಿ. ಎರಡು ಬನ್ನುಗಳಿಗೆ ಎರಡು ಮುಳ್ಳುಚಮಚಗಳನ್ನು ಚುಚ್ಚಿ ಮೇಜಿನ ಮೇಲೆ ಪಾದಗಳಂತೆ ಕುಣಿಸುವ ದೃಶ್ಯವೂ ಅದೇ ಚಿತ್ರದಲ್ಲಿದೆ; ಮರುದಿನ ತಿಂಡಿಯ ಹೊತ್ತಿಗೆ ಮಕ್ಕಳು ಅದನ್ನು ಮಾಡದೆ ಬಿಡರು. ಬೂಟೆಂದರೆ ಜೊತೆಯಲ್ಲವೇ, ಇನ್ನೊಂದೆಲ್ಲಿ ಎಂದು ಅವರು ಕೇಳಿದರೆ ಪರದೆಯನ್ನೇ ತೋರಿಸಬಹುದು: ಒಂದು ಬೂಟನ್ನು ತಿಂದ ಮೇಲೆ ಅಲೆಮಾರಿಯು ಆ ಕಾಲಿಗೆ ಚಿಂದಿಬಟ್ಟೆಯನ್ನು ಸುತ್ತಿಕೊಂಡು, ಉಳಿದ ಒಂದೇ ಬೂಟಿನಲ್ಲಿ ಹಿಮದ ಮೇಲೆ ನಡೆಯುತ್ತಾನೆ.