ಗ್ರಾಫಿಕ್ಸ್ ಕಾರ್ಡಿನ ಹಸಿವು, ಎಸ್‌ಎಂಪಿಎಸ್‌ನ ಅಳವು

ಕಂಪ್ಯೂಟರಿನ ಪೆಟ್ಟಿಗೆಯನ್ನು ತೆರೆದು ನೋಡಿದರೆ ಹಿಂಬದಿಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಕಾಣುತ್ತದೆ. ಮನೆಗೆ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಒಳಗೆ ತೆಗೆದುಕೊಂಡು, ಅದನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನಾಗಿ ಮಾರ್ಪಡಿಸಿ, ಯಂತ್ರದ ಉಳಿದ ಅಂಗಗಳಿಗೆಲ್ಲ ಹಂಚುವುದು ಇದರ ಕೆಲಸ. ಅಂಗಡಿಯವರು ಇದನ್ನು ಎಸ್‌ಎಂಪಿಎಸ್ ಎಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ಪ್ರೊಸೆಸರಿನ ವೇಗವೆಷ್ಟು, ಪರದೆಯ ಅಗಲವೆಷ್ಟು ಎಂದು ಕೆದಕಿ ಕೆದಕಿ ಕೇಳುವ ಗ್ರಾಹಕರು ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ, ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯೊಂದನ್ನು ನೋಡಿ ತೃಪ್ತರಾಗಿಬಿಡುತ್ತಾರೆ. ಆ ಸಂಖ್ಯೆ ಹೇಳುವುದೇನು, ಹೇಳದೆ ಉಳಿಸುವುದೇನು ಎಂಬುದನ್ನು ಈಗ ವಿಚಾರಿಸೋಣ.

ನಮ್ಮ ವಿದ್ಯಾರ್ಥಿಯೊಬ್ಬನಿಗೆ ಚಲಿಸುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸುವ ವಿದ್ಯೆಯನ್ನು ಕಲಿಯಬೇಕೆಂಬ ಆಸೆ. ಎರಡು ಬೇಸಿಗೆಯ ರಜೆಗಳಲ್ಲಿ ದುಡಿದ ಹಣಕ್ಕೆ ತಂದೆಯವರಿಂದ ಇನ್ನಷ್ಟು ಸೇರಿಸಿಕೊಂಡು ಅವನು ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 3060 ಎಂಬ ಗ್ರಾಫಿಕ್ಸ್ ಕಾರ್ಡನ್ನು ಕೊಂಡನು. 2021ರಲ್ಲಿ ಹೊರಬಂದ ಈ ಕಾರ್ಡು ಪೂರ್ಣ ದುಡಿಮೆಯಲ್ಲಿ 170 ವ್ಯಾಟ್ ಬಳಸುತ್ತದೆ. ಅವನ ಎಸ್‌ಎಂಪಿಎಸ್ ಮೇಲೆ 450 ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಪ್ರೊಸೆಸರಿಗೆ 100 ವ್ಯಾಟ್ ಹಿಡಿದರೂ ಬೇಕಾದಷ್ಟು ಮಿಕ್ಕುತ್ತದೆಂಬುದು ಅವನ ಲೆಕ್ಕ. ಪತ್ರ ಬರೆಯುವಾಗ, ಹಾಡು ಕೇಳುವಾಗ ಯಂತ್ರಕ್ಕೆ ಯಾವ ತೊಂದರೆಯೂ ಇರಲಿಲ್ಲ. ಚಿತ್ರರಚನೆಯ ಭಾರವಾದ ಕೆಲಸಕ್ಕೆ ಕೈಹಾಕಿದೊಡನೆ ಮಾತ್ರ, ದೀಪ ಆರಿಸಿದಂತೆ, ಎಲ್ಲವೂ ಸ್ತಬ್ಧ. ಅಂಗಡಿಯವರು ಕಾರ್ಡು ಕೆಟ್ಟಿದೆ ಎಂದರು. ಅರ್ಧ ಬೆಲೆಗೆ ಅದನ್ನು ಮಾರಿಬಿಡಲು ಹುಡುಗನು ಸಿದ್ಧನಾಗಿದ್ದನು. ಮೊದಲು ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಅಂಟಿಸಿರುವ ಚೀಟಿಯನ್ನು ಬರೆದುಕೊಂಡು ಬಾ ಎಂದೆವು.

ಚೀಟಿಯಲ್ಲಿದ್ದುದು ಇಷ್ಟು: 3.3 ಮತ್ತು 5 ವೋಲ್ಟುಗಳೆರಡಕ್ಕೂ ಸೇರಿ 130 ವ್ಯಾಟ್. 12 ವೋಲ್ಟಿಗೆ 20 ಆಂಪಿಯರ್. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆಂಬುದು ಪ್ರೌಢಶಾಲೆಯ ಪಾಠವಷ್ಟೆ. ಹನ್ನೆರಡನ್ನು ಇಪ್ಪತ್ತರಿಂದ ಗುಣಿಸಿದರೆ 240 ವ್ಯಾಟ್. ಎಲ್ಲವನ್ನೂ ಕೂಡಿದರೆ ಸುಮಾರು 370. ಮಿಕ್ಕ 80 ವ್ಯಾಟ್ ಅಚ್ಚುಕೂಟದಲ್ಲಿ ಉತ್ಪಾದನೆಯಾದುದೆಂದು ಕಾಣುತ್ತದೆ! ಅದಿರಲಿ, ಮುಖ್ಯವಾದ ಮಾತು ಬೇರೆಯೇ ಇದೆ. ಇಂದಿನ ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ತಮಗೆ ಬೇಕಾದ ವಿದ್ಯುತ್ತನ್ನು ಬಹುಮಟ್ಟಿಗೆ 12 ವೋಲ್ಟಿನ ತಂತಿಗಳಿಂದಲೇ ಎಳೆಯುತ್ತವೆ. ಕೆರೆಯೊಂದರಿಂದ ಮೂರು ಕಾಲುವೆಗಳು ಹೊರಟಿದ್ದರೆ, ಒಂದರಲ್ಲಿ ನೀರು ತುಂಬಿ ಹರಿದ ಮಾತ್ರಕ್ಕೆ ಇನ್ನೊಂದರ ಬದಿಯ ಗದ್ದೆ ನೆನೆಯುವುದೇ? ಕಾರ್ಡಿಗೆ 170, ಭಾರ ಬಿದ್ದಾಗ ಪ್ರೊಸೆಸರಿಗೆ 80, ಫ್ಯಾನು ಮುಂತಾದವುಗಳಿಗೆ 20. ಒಟ್ಟು 270 ವ್ಯಾಟ್. ಕಾಲುವೆಯ ಅಳವಾದರೋ 240. ಮಿತಿ ಮೀರಿದ ಪ್ರವಾಹವನ್ನು ಕಂಡು ಎಸ್‌ಎಂಪಿಎಸ್ ತನ್ನನ್ನು ಉಳಿಸಿಕೊಳ್ಳಲು ಬಾಗಿಲು ಮುಚ್ಚಿತು. ಕಾರ್ಡು ನಿರಪರಾಧಿ. 12 ವೋಲ್ಟಿನಲ್ಲಿ 45 ಆಂಪಿಯರ್ ಕೊಡಬಲ್ಲ 550 ವ್ಯಾಟಿನ ಎಸ್‌ಎಂಪಿಎಸ್ ಜೋಡಿಸಿದ ಮೇಲೆ ಅದೇ ಕಾರ್ಡು ಚೆನ್ನಾಗಿ ದುಡಿಯಿತು.

ಹನ್ನೆರಡೇ ಏಕೆ? 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ರಚನಾಕ್ರಮವನ್ನು ಹೊರತಂದಾಗ ಪ್ರೊಸೆಸರುಗಳು ನೆಚ್ಚಿಕೊಂಡಿದ್ದುದು 5 ಮತ್ತು 3.3 ವೋಲ್ಟುಗಳನ್ನು. ಹಸಿವು ಹೆಚ್ಚಿದಂತೆ ಆ ತಂತಿಗಳಲ್ಲಿ ಪ್ರವಾಹವೂ ಹೆಚ್ಚಬೇಕಾಯಿತು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಷ್ಟೇ ಸಾಮರ್ಥ್ಯವನ್ನು 12ರ ಬದಲು 5 ವೋಲ್ಟಿನಲ್ಲಿ ಸಾಗಿಸಿದರೆ ಪ್ರವಾಹ 2.4 ಪಟ್ಟು, ಶಾಖ ಸುಮಾರು 5.8 ಪಟ್ಟು! ಊರಿಂದೂರಿಗೆ ವಿದ್ಯುತ್ತನ್ನು ಹೈಟೆನ್ಷನ್ ತಂತಿಗಳಲ್ಲಿ ಒಯ್ಯುವುದೂ ಇದೇ ಕಾರಣದಿಂದ. ಕಾರ್ಡಿನ ಚಿಪ್ಪು ಕೆಲಸ ಮಾಡುವುದು ಸುಮಾರು 1 ವೋಲ್ಟಿನಲ್ಲಿ. ಅದಕ್ಕೆ 120 ವ್ಯಾಟ್ ಬೇಕೆಂದರೆ 120 ಆಂಪಿಯರ್ ಹರಿಯಬೇಕು. ಅದು ವೆಲ್ಡಿಂಗ್ ಅಂಗಡಿಯ ಪ್ರವಾಹ. ಆದುದರಿಂದಲೇ 12 ವೋಲ್ಟಿನಲ್ಲಿ ತಂದು, ಚಿಪ್ಪಿನ ಮಗ್ಗುಲಲ್ಲಿಯೇ 1 ವೋಲ್ಟಿಗೆ ಇಳಿಸುವ ಏರ್ಪಾಡು ಕಾರ್ಡಿನ ಮೇಲೆಯೇ ಇರುತ್ತದೆ.

ಇನ್ನು ಕನೆಕ್ಟರುಗಳ ವಿಚಾರ. ಕಾರ್ಡು ಕುಳಿತುಕೊಳ್ಳುವ ಸ್ಲಾಟು ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 6 ಪಿನ್ನಿನ ಕನೆಕ್ಟರಿಗೆ ಇನ್ನೊಂದು 75, 8 ಪಿನ್ನಿನದಕ್ಕೆ 150 ವ್ಯಾಟ್ ಎಂಬುದು ನಿಯಮ. 2022ರ ಸುಮಾರಿಗೆ ಬಂದ 16 ಪಿನ್ನಿನ ಕನೆಕ್ಟರು 600 ವ್ಯಾಟಿನವರೆಗೆ ಒಯ್ಯಬಹುದು. 8 ಪಿನ್ನಿನಲ್ಲಿ 12.5 ಆಂಪಿಯರನ್ನು ಮೂರು ಪಿನ್ನುಗಳು ಹಂಚಿಕೊಳ್ಳುತ್ತವೆ. ತಲೆಗೆ ನಾಲ್ಕು ಚಿಲ್ಲರೆ. ಹೊಸದರಲ್ಲಿ 50 ಆಂಪಿಯರನ್ನು ಆರು ಪಿನ್ನುಗಳು ಹೊರಬೇಕು. ತಲೆಗೆ ಎಂಟಕ್ಕೂ ಹೆಚ್ಚು. ಒಂದೆರಡು ಪಿನ್ನು ಸರಿಯಾಗಿ ತಾಗದಿದ್ದರೆ ಅವುಗಳ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. 2022ರಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಕಾರ್ಡುಗಳು ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಈ ಕನೆಕ್ಟರುಗಳು ಕರಗಿದ ದೂರುಗಳು ಕೇಳಿಬಂದವು. ಪೂರ್ತಿಯಾಗಿ ಒಳಗೆ ಸೇರಿಸದಿದ್ದುದು ಸಾಮಾನ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. 2023ರಲ್ಲಿ ಕನೆಕ್ಟರನ್ನು ತಿದ್ದಿ, ಪೂರ್ತಿ ಕುಳಿತ ಹೊರತು ಕಾರ್ಡು ಪ್ರವಾಹವನ್ನು ಎಳೆಯದಂತೆ ಸೂಚಕ ಪಿನ್ನುಗಳನ್ನು ಗಿಡ್ಡ ಮಾಡಲಾಯಿತು. ನಮ್ಮ ಅಂಗಡಿಗಳಲ್ಲಿ ಸಿಕ್ಕುವ ಇನ್ನೊಂದು ವಸ್ತು ಇದಕ್ಕಿಂತಲೂ ಅಪಾಯಕರ. ಹಾರ್ಡ್ ಡಿಸ್ಕಿನ ಸಾಟಾ ಕನೆಕ್ಟರಿನಿಂದ 6 ಅಥವಾ 8 ಪಿನ್ನು ಮಾಡಿಕೊಡುವ ಅಡಾಪ್ಟರು ಅದು. ಸಾಟಾ ಕನೆಕ್ಟರಿನ 12 ವೋಲ್ಟಿನ ಮಿತಿಯೇ 4.5 ಆಂಪಿಯರ್, ಎಂದರೆ 54 ವ್ಯಾಟ್.

ಕಾರ್ಡಿಗೂ ಪ್ರೊಸೆಸರಿಗೂ ಕೂಡಿ 270 ವ್ಯಾಟ್ ಸಾಕಾದರೆ, ಈ ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ ಇರಲೆಂದು ತಯಾರಕರೇಕೆ ಹೇಳುತ್ತಾರೆ? 170 ಎಂಬುದು ಸರಾಸರಿ. ಚಿಪ್ಪಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಒಮ್ಮೆಗೆ ಎಚ್ಚೆತ್ತಾಗ, ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಪ್ರವಾಹ ಚಿಮ್ಮಿ ಇಳಿಯುತ್ತದೆ. ನಮ್ಮ ಕಣ್ಣಿಗಾಗಲಿ ಸಾಧಾರಣ ಮೀಟರಿಗಾಗಲಿ ಇದು ಗೋಚರಿಸದು. ಎಸ್‌ಎಂಪಿಎಸ್‌ನ ಕಾವಲಿಗೆ ಗೋಚರಿಸುತ್ತದೆ. 2022ರ ಎಟಿಎಕ್ಸ್ 3.0 ನಿಯಮದ ಪ್ರಕಾರ, 16 ಪಿನ್ನಿನ ಕನೆಕ್ಟರುಳ್ಳ, 450 ವ್ಯಾಟಿಗೆ ಮೇಲ್ಪಟ್ಟ ಎಸ್‌ಎಂಪಿಎಸ್ ತನ್ನ ಅಳವಿನ ಎರಡರಷ್ಟನ್ನು 100 ಮೈಕ್ರೊಸೆಕೆಂಡು ತಡೆದುಕೊಳ್ಳಬೇಕು.

ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳವಾಗಿ ಹಬ್ಬಿದೆ. ದಕ್ಷತೆ ನೂರಕ್ಕೆ 80 ಎಂದಾದರೆ 500 ವ್ಯಾಟಿನ ಎಸ್‌ಎಂಪಿಎಸ್ 400 ಮಾತ್ರ ಕೊಡುತ್ತದೆಂದು ಅವರು ತಿಳಿಯುತ್ತಾರೆ. ಹಾಗಲ್ಲ. 500 ಎಂಬುದು ಅದು ಹೊರಗೆ ಕೊಡುವ ಪ್ರಮಾಣ. ಗೋಡೆಯಿಂದ ಎಳೆಯುವುದು 625. ನಷ್ಟವಾಗುವ 125 ವ್ಯಾಟ್ ಶಾಖವಾಗಿ ಕೋಣೆಯನ್ನು ಕಾಯಿಸುತ್ತದೆ, ವಿದ್ಯುತ್ ಬಿಲ್ಲಿಗೂ ಸೇರುತ್ತದೆ. ದಕ್ಷತೆ 90 ಆಗಿದ್ದರೆ ನಷ್ಟ ಸುಮಾರು 56 ವ್ಯಾಟಿಗೆ ಇಳಿಯುತ್ತದೆ.

ಯುಪಿಎಸ್ ಇಟ್ಟುಕೊಂಡವರು ಈ ಗೋಡೆಯ ಲೆಕ್ಕವನ್ನೇ ಹಿಡಿಯಬೇಕು. ನಮ್ಮ ವಿದ್ಯಾರ್ಥಿಯ ಯಂತ್ರಕ್ಕೆ 5 ಮತ್ತು 3.3 ವೋಲ್ಟುಗಳ ಪಾಲನ್ನೂ ಸೇರಿಸಿ 290 ವ್ಯಾಟ್ ಎನ್ನೋಣ. ದಕ್ಷತೆ 85 ಆದರೆ ಗೋಡೆಯಿಂದ 341. ಪರದೆಗೆ 25 ಸೇರಿದರೆ 366. 600 ವಿಎ ಎಂದು ಮಾರುವ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡಬಲ್ಲುದು 360 ವ್ಯಾಟ್ ಮಾತ್ರ. ವಿಎ ಸಂಖ್ಯೆಯನ್ನಲ್ಲದೆ ವ್ಯಾಟ್ ಸಂಖ್ಯೆಯನ್ನೂ ಕೇಳಿ ಕೊಳ್ಳದಿದ್ದರೆ, ಚಿತ್ರರಚನೆಯ ನಡುವೆ ಕರೆಂಟು ಹೋದಾಗ ಯುಪಿಎಸ್ ಒಮ್ಮೆ ಕೂಗಿ ತಾನೂ ಆರಿಹೋಗುತ್ತದೆ.