ಶಿಕ್ಷಕನ ಪೀಠದಿಂದ ಸಹವೈಮಾನಿಕನ ಪೀಠಕ್ಕೆ

ಭಾರತದಲ್ಲಿ 200 ಗಂಟೆಗಳ ಹಾರಾಟದಿಂದ ವಾಣಿಜ್ಯ ಪರವಾನಗಿಯನ್ನು ಪಡೆದ ತರುಣನು, ಆಯಾ ಮಾದರಿಯ ವಿಮಾನದ ತರಬೇತಿಯಾದ ಮೇಲೆ, ಪ್ರಯಾಣಿಕ ವಿಮಾನದ ಸಹವೈಮಾನಿಕನಾಗಬಹುದು. ಅಮೆರಿಕದಲ್ಲಿ ಹಾಗಲ್ಲ. 2013ರಿಂದ ಅಲ್ಲಿ ಸಹವೈಮಾನಿಕನಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಬೇಕು. ಸೇನೆಯಿಂದ ಬಂದವರಿಗೆ 750 ಗಂಟೆಗಳೂ ಅಂಗೀಕೃತ ವಿದ್ಯಾಲಯಗಳ ವೈಮಾನಿಕ ಪದವೀಧರರಿಗೆ 1,000 ಗಂಟೆಗಳೂ ಸಾಕು. ಉಳಿದವರಲ್ಲಿ ಬಹುಮಂದಿ ಈ ಅಂತರವನ್ನು ತುಂಬಲು ಹಿಡಿಯುವ ದಾರಿ ಶಿಕ್ಷಕವೃತ್ತಿ.

ಈ ನಿಯಮದ ಹಿಂದೆ ಒಂದು ದುರಂತವಿದೆ. 2009ರ ಫೆಬ್ರವರಿ 12ರ ರಾತ್ರಿ ಬಫೆಲೋ ನಗರದ ಬಳಿ ಇಳಿಯಲು ಬರುತ್ತಿದ್ದ ವಿಮಾನವೊಂದು ವೇಗ ಕುಂದಿ ಬಿದ್ದು 50 ಮಂದಿ ಮಡಿದರು. ಕುಂದುತ್ತಿದ್ದ ವೇಗವನ್ನು ಇಬ್ಬರು ವೈಮಾನಿಕರೂ ಗಮನಿಸಲಿಲ್ಲ. ಎಚ್ಚರಿಕೆಯ ಸಂಕೇತ ಬಂದಾಗ ವಿಮಾನದ ಮೂತಿಯನ್ನು ತಗ್ಗಿಸಬೇಕಾಗಿದ್ದ ಕ್ಯಾಪ್ಟನ್ ಅದನ್ನು ಮೇಲೆತ್ತಿದನು. 2010ರಲ್ಲಿ ಶಾಸನವಾಯಿತು. ಆದರೆ ಆ ಇಬ್ಬರ ಲೆಕ್ಕದಲ್ಲಿಯೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದುವೆಂಬುದು ಗಮನಾರ್ಹ. ಖಾತೆಯ ಮೊತ್ತವನ್ನು ನೋಡಿದ ಮಾತ್ರಕ್ಕೆ ಜಮೆಯ ಗುಣ ತಿಳಿಯದು.

ಆದುದರಿಂದ ಶಿಕ್ಷಕನು ಮೊದಲು ಗಂಟೆಗಳ ಜಾತಿಯನ್ನು ನೋಡಬೇಕು. ಒಟ್ಟು ಮೊತ್ತದೊಳಗೆ ಊರಿಂದೂರಿಗೆ ಹಾರಿದ 500, ರಾತ್ರಿಯ 100, ಉಪಕರಣಗಳನ್ನಷ್ಟೇ ನಂಬಿ ಹಾರಿದ 75 ಗಂಟೆಗಳಿರಬೇಕು. ಒಂದೇ ನಿಲ್ದಾಣವನ್ನು ಶಿಷ್ಯನೊಡನೆ ಸುತ್ತುತ್ತಿದ್ದರೆ ಇವು ಕೂಡವು. ಅರ್ಹತಾಪರೀಕ್ಷೆಗೆ ಮುಂಚೆ 30 ಗಂಟೆಗಳ ಪಾಠವೂ ಕೃತಕ ವಿಮಾನಯಂತ್ರದಲ್ಲಿ 10 ಗಂಟೆಗಳ ಅಭ್ಯಾಸವೂ ಕಡ್ಡಾಯ.

ಎರಡನೆಯದು ಕೈಯ ಮಾತು. ಶಿಕ್ಷಕನು ಶಿಷ್ಯನ ಕೈಗಳನ್ನು ನೋಡುವುದೇ ಹೆಚ್ಚು, ತಾನೇ ಹಾರಿಸುವುದು ಕಡಮೆ. ತರಬೇತಿಯ ಸಣ್ಣ ವಿಮಾನ ಗಂಟೆಗೆ ಸುಮಾರು 120 ಕಿಲೋಮೀಟರು ವೇಗದಲ್ಲಿ ಇಳಿಯಲು ಬಂದರೆ, ಜೆಟ್ ವಿಮಾನದ ವೇಗ ಅದರ ಇಮ್ಮಡಿ. ಆಲೋಚನೆಗೆ ಉಳಿಯುವ ಕಾಲ ಅರ್ಧ. ಹಾರಾಟದ ಕ್ರಮವನ್ನು ಮುಂಚಿತವಾಗಿ ಮನಸ್ಸಿನಲ್ಲಿ ನಡೆಸಿ ನೋಡುವ ಅಭ್ಯಾಸವನ್ನೂ, ಉಪಕರಣಹಾರಾಟದಲ್ಲಿ ಸ್ವಂತ ಕೈಯ ಪಳಗಿಕೆಯನ್ನೂ ಅವನು ಉಳಿಸಿಕೊಳ್ಳಬೇಕು.

ಮೂರನೆಯದೇ ಕಠಿನವಾದುದು. ಸಣ್ಣ ವಿಮಾನದಲ್ಲಿ ಶಿಕ್ಷಕನದೇ ಕೊನೆಯ ಮಾತು. ತಪ್ಪು ಕಂಡೊಡನೆ ಅವನು ನಿಯಂತ್ರಣವನ್ನು ಕೈಗೆತ್ತಿಕೊಳ್ಳಬಲ್ಲನು. ಪ್ರಯಾಣಿಕ ವಿಮಾನದಲ್ಲಿ ಅವನು ಕೂಡುವುದು ಅದೇ ಬಲಗಡೆಯ ಪೀಠದಲ್ಲಿ. ಆದರೆ ಅಧಿಕಾರ ಎಡಗಡೆಯ ಕ್ಯಾಪ್ಟನ್ನನದು. ಒಬ್ಬನು ಹಾರಿಸಿದರೆ ಇನ್ನೊಬ್ಬನು ಕಾವಲಿರುವುದು ಅಲ್ಲಿಯ ಪದ್ಧತಿ. ಕಂಡ ತಪ್ಪನ್ನು ಹಿರಿಯನಿಗೆ ಸ್ಪಷ್ಟವಾಗಿ, ಸಕಾಲದಲ್ಲಿ ಹೇಳುವುದು ಕಾವಲಿನವನ ಕರ್ತವ್ಯ. 1977ರಲ್ಲಿ ಟೆನೆರಿಫೆಯ ಓಡುದಾರಿಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮಡಿಯುವುದಕ್ಕೆ ಕೆಲವೇ ಕ್ಷಣಗಳ ಮುಂಚೆ, ದಾರಿ ತೆರವಾಗಿದೆಯೇ ಎಂದು ಎಂಜಿನಿಯರನು ಸಂಶಯಪಟ್ಟು ಕೇಳಿದ್ದನು. ತೆರವಾಗಿದೆಯೆಂದು ಉತ್ತರಿಸಿದ ಕ್ಯಾಪ್ಟನ್ ತನ್ನ ಸಂಸ್ಥೆಯ ಹಿರಿಯ ಶಿಕ್ಷಕನಾಗಿದ್ದನು; ಎಂಜಿನಿಯರನು ಮತ್ತೆ ಒತ್ತಿ ಕೇಳಲಿಲ್ಲ.

ಶಿಷ್ಯನ ತಪ್ಪನ್ನು ಕ್ಷಣಮಾತ್ರದಲ್ಲಿ ಗುರುತಿಸುವ ಕಣ್ಣು ಶಿಕ್ಷಕನಿಗೆ ವೃತ್ತಿಯಿಂದಲೇ ಬಂದಿರುತ್ತದೆ. ಅದೇ ಕಣ್ಣಿನಿಂದ ಹಿರಿಯನನ್ನು ನೋಡಿ ಹೇಳುವುದನ್ನೂ, ನಾಳೆ ತಾನು ಎಡಗಡೆಗೆ ಹೋದಾಗ ಕಿರಿಯನ ಮಾತನ್ನು ಕೇಳುವುದನ್ನೂ ಅವನು ಬೇರೆಯಾಗಿ ಕಲಿಯಬೇಕು. ಇದು ಗಂಟೆಗಳ ಲೆಕ್ಕದಲ್ಲಿ ನಮೂದಾಗುವ ವಿದ್ಯೆಯಲ್ಲ.